ಸುತ್ತುವ ಚಕ್ರ ವಾಪಸ್ ಬರುವುದಿಲ್ಲ

೧೨ ನವೆಂಬರ್, ಬುಧವಾರ. ನಂಜನಗೂಡು

ಹಾಕುವುದಿಲ್ಲ ಎಂದರೆ ಹಾಕುವುದಿಲ್ಲ.

ಮೊದಲು ಅಕ್ಕಿ ಗಿರಣಿಯ ಗೇಟಿನಲ್ಲಿ ಲಾರಿಯ ವಿವರ ತುಂಬಿ ಸೇವ್ ಒತ್ತಿದರೆ, ಬಿಲ್ಲಾಗಿ, ದಾಸ್ತಾನು ಲೆಕ್ಕ ಸೇರಿ, ಕೊಳ್ಳುವವರಿಗೆ ಮೆಸೇಜು ಹೋಗುವ ತನಕ ಪರದೆಯಲ್ಲಿ ಚಕ್ರ ಸುತ್ತುತ್ತಿತ್ತು. ಲಾರಿಗಳು ರಸ್ತೆವರೆಗೂ ನಿಲ್ಲುತ್ತಿದ್ದವು. ಗಿರಣಿಯ ಸಾಫ್ಟ್‌ವೇರ್ ನೋಡಿಕೊಳ್ಳುವ ನಾನು ಕೋಡ್ ಬದಲಿಸಿ ಆ ಕೆಲಸಗಳನ್ನೆಲ್ಲ ಹಿನ್ನೆಲೆಯ ಸರದಿಗೆ ತಳ್ಳಿದೆ. ಈಗ ಒತ್ತಿದ ಕೂಡಲೇ ಲಾರಿ ಹೊರಡಬಹುದು. ಉಳಿದದ್ದು ಕ್ಲೌಡ್‌ನಲ್ಲಿ ತನ್ನ ಪಾಡಿಗೆ ನಡೆಯುತ್ತದೆ.

ಚಕ್ರ ಕಾಣದೆ, ಸೇವ್ ಆಗಲಿಲ್ಲವೆಂದುಕೊಂಡು ಗೇಟಿನ ನಂಜುಂಡೇಶಣ್ಣ ಇವತ್ತು ಮತ್ತೆ ಮತ್ತೆ ಒತ್ತಿದ್ದಾರೆ. ಒಂದೇ ಲಾರಿಗೆ ರಾಶಿ ಬಿಲ್ಲು. ಮ್ಯಾನೇಜರ್ ಶಿವಸ್ವಾಮಿ ಎಲ್ಲರೆದುರೇ ಕೂಗಾಡಿದರು.

"ಚಕ್ರ ವಾಪಸ್ ಹಾಕಮ್ಮ ಸಂಘಮಿತ್ರಾ. ಕೆಲ್ಸ ಕಣ್ಮುಂದೆ ಆದ್ರೇನೇ ನಂಬ್ಕೆ."

"ಒಂದ್ಸಲ ಒತ್ತಿದ್ದನ್ನ ಎರಡ್ನೇ ಸಲ ತಗೊಳ್ದಂಗೆ ಮಾಡ್ತೀನಿ ಸಾ. ಅಷ್ಟು ನನ್ ತಪ್ಪು. ಚಕ್ರ ಮಾತ್ರ ಹಾಕಲ್ಲ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹುಲ್ಲಹಳ್ಳಿ ಗದ್ದೆಗಳಲ್ಲಿ ಕೂಲಿಗೆ ನಾಟಿ ಹಾಕಿದವಳು ಅವಳು.

"ಗದ್ದೆ ಯಜಮಾನ ಬದಿನ ಮ್ಯಾಲೆ ಕೊಡೆ ಇಡ್ಕಂಡು ನಿಂತಿರೋನು ಕಣವ್ವ. ನಾವು ಸೊಂಟ ನೆಟ್ಟಗೆ ಮಾಡುದ್ರೆ ಸಾಕು, ಕೆಲ್ಸ ನಿಂತೋಯ್ತು ಅಂತ ಕೂಗೋನು," ಎಂದಳು.

ಪೈರು ಮಾತ್ರ ಅವನು ಮನೆಗೆ ಹೋದ ಮೇಲೂ ಬೆಳೆಯುತ್ತಿತ್ತು.

ಊಟವಾದ ಮೇಲೆ ಕೂತು ಸರಿಪಡಿಸಿದೆ. ಅದೇ ಲಾರಿಯ ಅದೇ ಲೋಡಿಗೆ ಎರಡನೇ ಸಲ ಒತ್ತಿದರೆ ಇನ್ನು ಏನೂ ಆಗುವುದಿಲ್ಲ. ಚಕ್ರವೂ ಇಲ್ಲ. ನಾಳೆ ಶಿವಸ್ವಾಮಿ ಬೇಕಾದರೆ ಕೊಡೆ ತಂದು ನನ್ನ ಹಿಂದೆ ನಿಲ್ಲಲಿ.