ಕುಂಟೆಯಂಚಿನ ಅರಿಶಿನ ಬಾಲ

3-10-81, ಶನಿವಾರ
ಬೆಳಗಿನ ಸೊಪ್ಪು ಹಾಕಿ ಆಯ್ತು. ರೇಷ್ಮೆಹುಳ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಅತ್ತೆ ಮೊದಲ ಸಲ ಇಡೀ ಬೆಳೆ ನನ್ನ ಕೈಗೆ ಬಿಟ್ಟಿದ್ದಾರೆ. ಕೆಟ್ಟರೆ... ಬೇಡ, ಬರೆಯಲ್ಲ.

ಸೊಪ್ಪಿನ ಮಂಕರಿಯಲ್ಲಿ ಹಳದಿ ಬಾಲದ ಹಾರುವ ಹುಳ ಒಂದು ಕೂತಿತ್ತು. ಯಾವತ್ತೂ ಗಮನಿಸಿರಲಿಲ್ಲ. ರೇಷ್ಮೆ ಇಲಾಖೆಯ ನೋಟೀಸು ನೆನಪಾಯಿತು — ಊಜಿ ಎಂಬ ಹೊಸ ನೊಣ ಬಂದಿದೆ, ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಹುಳ ಸತ್ತಂತೆ. ನೋಟೀಸಿನಲ್ಲಿ ಚಿತ್ರ ಇಲ್ಲ.

4-10-81, ಸಂಜೆ
ತೋಟದ ಪಕ್ಕದ ನೀರಿನ ಕುಂಟೆಗೆ ಹೋಗಿ ನೋಡಿದೆ. ಅಯ್ಯೋ, ಜೊಂಡಿನ ಮೇಲೆಲ್ಲ ಅವೇ! ಪೊರಕೆ ಕಡ್ಡಿಯಷ್ಟು ತೆಳ್ಳಗೆ. ಬಾಲ ಅರಿಶಿನ, ಎದೆ ಪಾಚಿ ಬಣ್ಣ, ಕಣ್ಣು ಹಸಿರು. ಕೂತರೆ ರೆಕ್ಕೆ ಬೆನ್ನ ಮೇಲೆ ಮಡಚುತ್ತವೆ. ಚೆಂದವೇ, ಸುಳ್ಳು ಯಾಕೆ. ಆದರೆ ಜೋಡಿ ಜೋಡಿಯಾಗಿ ನೀರಿನ ಗಿಡಕ್ಕೆ ಬಾಲ ಬಗ್ಗಿಸಿ ಮೊಟ್ಟೆ ಇಡುತ್ತಿವೆ. ಊಜಿಯೇ!

ಇವರಿಗೆ ಹೇಳಿದೆ. "ನಾಳೆ ಟೊಮೆಟೊ ಔಷಧಿ ಹೊಡ್ದುಬಿಡ್ತೀನಿ" ಅಂದರು. ಅತ್ತೆ ಬಿಡಲಿಲ್ಲ. "ಗಾಳಿ ತೋಟದ ಕಡೆಗೈತೆ. ಸೊಪ್ಪಿಗೆ ಬಿದ್ರೆ ಹುಳ ಉಳೀತದಾ? ಒಂದು ಹಿಡ್ಕೊಂಡೋಗಿ ಆಫೀಸಲ್ಲಿ ತೋರ್ಸು." ಮಧ್ಯಾಹ್ನದ ಬಸ್ಸಿಗೆ ನಾನು ಬರದಿದ್ದರೆ ಹೊಡೆಯುವುದೇ ಅಂತ ಇವರ ಹಟ.

5-10-81, ಸಂಜೆ 7
ಉಸ್ಸಪ್ಪಾ!

ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದನ್ನು ಹಾಕಿಕೊಂಡು ಶ್ರೀನಿವಾಸಪುರಕ್ಕೆ ಹೋದೆ. ರೇಷ್ಮೆ ಆಫೀಸಿನ ನರಸಿಂಹಪ್ಪನವರು ನಕ್ಕರು, ನಕ್ಕರು... "ಇದಾ ಊಜಿ? ಏರೋಪ್ಲೇನ್ ಚಿಟ್ಟೆ ಜಾತಿ ಕಣಮ್ಮ ಇದು. ಮೊಟ್ಟೆ ನೀರಲ್ಲಿ, ಮರೀನೂ ನೀರಲ್ಲಿ. ಸೊಳ್ಳೆ ಹಿಡ್ದು ತಿಂತದೆ. ನಿಮ್ಮ ಹುಳದ ಗೊಡವೆ ಇದಕ್ಯಾಕೆ?" ನಿಜವಾದ ಊಜಿಯನ್ನು ಸೀಸೆಯಲ್ಲಿ ತೋರಿಸಿದರು. ಮನೆ ನೊಣದ ಹಾಗೇ, ಇನ್ನೂ ದಪ್ಪ, ಬೂದು ಬಣ್ಣ. ಎಸ್ಸೆಸ್ಸೆಲ್ಸಿ ಓದಿದವಳು ನಾನು! ನಾಚಿಕೆಯಾಯಿತು.

ಬಸ್ಸು ತಪ್ಪಿತು. ಟೊಮೆಟೊ ಲಾರಿ ಹತ್ತಿ ಬಂದು ಕುಂಟೆಗೆ ಓಡಿದೆ. ದಡದಲ್ಲಿ ಔಷಧಿ ಕ್ಯಾನು. ಅದರ ಮೇಲೆ ಅತ್ತೆ! ಇವರು ಮುಖ ಊದಿಸಿಕೊಂಡು ನಿಂತಿದ್ದಾರೆ. "ಎರಡು ಗಂಟೆಯಿಂದ ಎದ್ದಿಲ್ಲ ನಿಮ್ಮತ್ತೆ."

"ನನ್ನ ಸೊಸೆ ಬರೋಗಂಟ ಏಳಲ್ಲ ಅಂದೆ, ಅಷ್ಟೇ."

ಇದು ಊಜಿ ಅಲ್ಲ ಅಂತ ಹೇಳಿ ಅಲ್ಲೇ ಕೂತು ಅತ್ತುಬಿಟ್ಟೆ. "ಏಮೀ ಕಾದು, ಏನೂ ಆಗಲ್ಲ, ಏಳೇ" ಅಂತ ಸೆರಗಿನಿಂದ ಮುಖ ಒರೆಸಿದರು. ಬಾಟಲಿಯ ಮುಚ್ಚಳ ತೆಗೆದೆ. ಸೀದಾ ಜೊಂಡಿಗೆ ಹಾರಿತು.

10-10-81
ಹುಳ ಹಣ್ಣಾಗಿವೆ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದೇವೆ. ಒಂದರ ಮೈಮೇಲೂ ಊಜಿಯ ಕಪ್ಪು ಕಲೆ ಇಲ್ಲ. ಹೊಟ್ಟೆ ತುಂಬಿದಷ್ಟು ಸಂತೋಷ.

ಪಕ್ಕದ ಮನೆ ಅಂಜಮ್ಮ ಕೇಳಿದಳು, "ಕುಂಟೆಗೆ ಔಷಧಿ ಹೊಡಿಯಕ್ಕೆ ಹೊರಟಿದ್ರಂತೆ, ಯಾರ ಬುದ್ಧಿ ಅದು?" ನಾನು ತಲೆ ಬಗ್ಗಿಸಿ ಹುಳ ಆರಿಸತೊಡಗಿದೆ.

"ನಂದೇ ಕಣೇ. ವಯಸ್ಸಾಯ್ತಲ್ಲ" ಅಂದರು ಅತ್ತೆ. ನನ್ನ ಕಡೆ ನೋಡಲೂ ಇಲ್ಲ.

ಅತ್ತೆ ಕೂಗುತ್ತಿದ್ದಾರೆ, ಹೋಗಬೇಕು. ಹುಳದ ಮನೆ ಬಾಗಿಲಿಗೆ ಇಳಿಬಿಟ್ಟ ಗೋಣಿಯ ಮೇಲೆ ಒಂದು ಅರಿಶಿನ ಬಾಲ ಕೂತಿದೆ. ಓಡಿಸದೆ, ಮೆಲ್ಲಗೆ ಗೋಣಿ ಸರಿಸಿ ಒಳಗೆ ಹೋಗುತ್ತೇನೆ.