ಚಾವಡಿಯ ಹೊಸ್ತಿಲಲ್ಲಿ ನಿಮ್ಮವ್ವ

ಸವಡಿ
೧೪ ಫೆಬ್ರವರಿ ೧೯೫೫

ಚಿ. ಸೌ. ಸುಶೀಲವ್ವನಿಗೆ ಅಪ್ಪನ ಆಶೀರ್ವಾದ.

ನರಗುಂದದಿಂದ ನೀನು ಬರೆದ ಎರಡೂ ಕಾಗದ ಮುಟ್ಟಿದವು. ಉತ್ತರಕ್ಕೆ ತಡವಾಯಿತು, ಸಿಟ್ಟಾಗಬೇಡ. ಜೋಳದ ರಾಶಿಯ ಗಡಿಬಿಡಿ ಒಂದು ಕಡೆ, ಊರಲ್ಲಿ ನಡೆದದ್ದು ಇನ್ನೊಂದು ಕಡೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಬರೆಯುತ್ತೇನೆ.

ಹೋದ ಸೋಮವಾರ ಬೆಳಿಗ್ಗೆ ಪ್ರಭುಲಿಂಗಪ್ಪನವರ ಜೋಡೆತ್ತು ಕೊಟ್ಟಿಗೆಯಲ್ಲಿ ಇರಲಿಲ್ಲ. ಕೂಲಿಗೆಂದು ಪುರ್ತಗೇರಿಯಿಂದ ಬರುತ್ತಿದ್ದ ದ್ಯಾಮಪ್ಪ ಎಂಬುವನ ಹೆಗಲ ಮೇಲೆ ಹಗ್ಗವಿತ್ತು. ಅಷ್ಟೇ ಸಾಕಾಯಿತು; ಕಳ್ಳನೆಂದು ಹಿಡಿದು ಹೊಡೆದರು. ಪೊಲೀಸ್ ಪಾಟೀಲನಾದ ನಾನು ಅವನನ್ನು ಬಿಡಿಸಿ ಚಾವಡಿಯೊಳಗೆ ಕೂಡಿಸಿ, ಕೀಲಿ ಹಾಕಿ, ಕೀಲಿಕೈ ನಿಮ್ಮವ್ವನಿಗೆ ಕೊಟ್ಟು ಠಾಣೆಯ ಫೌಜದಾರರನ್ನು ಕರೆತರಲು ರೋಣಕ್ಕೆ ಹೊರಟೆ.

ನಾನು ಹೊರಟ ಸ್ವಲ್ಪ ಹೊತ್ತಿಗೇ ನಲವತ್ತು ಮಂದಿ ಬಡಿಗೆ ಹಿಡಿದು ಬಂದರಂತೆ. ನಿಮ್ಮವ್ವ ಚಾವಡಿಯ ಹೊಸ್ತಿಲ ಮೇಲೆ ಕುಳಿತಿದ್ದಳಂತೆ.

“ಕೀಲಿಕೈ ಕೊಡ್ರಿ ಕಲ್ಲವ್ವಾರ. ಹೆಣ್ಮಕ್ಕಳು ಇದರಾಗ ಬರಬಾರ್ದು,” ಎಂದರಂತೆ ಪ್ರಭುಲಿಂಗಪ್ಪ.

“ನನ್ನ ಸೊಂಟದಾಗ ಐತಿ. ಮೈ ಮುಟ್ಟಿ ತಗೊಳ್ಳೋ ಗಂಡಸು ಯಾವನದಾನ, ಮುಂದ ಬರ್ಲಿ.”

ಯಾರೂ ಕದಲಲಿಲ್ಲ. ಹಿಂದಿನಿಂದ ತೂರಿ ಬಂದ ಕಲ್ಲೊಂದು ಅವಳ ಹಣೆ ಒಡೆಯಿತು. ಸೆರಗಿನಿಂದ ಒತ್ತಿ ಹಿಡಿದು ಅಲ್ಲೇ ಕುಳಿತಳಂತೆ.

“ಎತ್ತು ನಾಳಿ ಸಿಗತಾವು, ಅಣ್ಣಾರ. ಇವನ ಜೀವ ತಗದ್ರ ಅವನ ಹೇಣ್ತಿಗೆ ನೀವು ತಂದು ಕೊಡ್ತೀರೇನು?”

ಒಬ್ಬೊಬ್ಬರೇ ಬಡಿಗೆ ಇಳಿಸಿ ಮನೆಗೆ ನಡೆದರು.

ಮರುದಿನ ಎತ್ತುಗಳು ಬೆಳವಣಕಿಯ ಹೊಲವೊಂದರಲ್ಲಿ ಮೇಯುತ್ತಿದ್ದವು. ಹಗ್ಗ ಹರಿದುಕೊಂಡು ತಾವೇ ಹೋಗಿದ್ದವು. ಚಾವಡಿಯಿಂದ ಬಿಡುಗಡೆಯಾದ ದ್ಯಾಮಪ್ಪ ನಿಮ್ಮವ್ವನ ಕಾಲು ಮುಟ್ಟಿ ಅತ್ತ. ಪ್ರಭುಲಿಂಗಪ್ಪನವರು ರುಮಾಲು ಕೈಯಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದು, “ತಪ್ಪಾತ್ರೀ ತಂಗಿ,” ಎಂದರು.

“ನನಗ್ಯಾಕ ಹೇಳ್ತೀರಿ? ಪುರ್ತಗೇರಿಗೆ ಹೋಗಿ ಅವನಿಗೆ ಹೇಳ್ರಿ,” ಎಂದಳು. ಅಷ್ಟು ದೊಡ್ಡ ಮನುಷ್ಯ ಹೋಗಿ ಹೇಳಿಬಂದರು, ಮಗಳೇ!

ಫೌಜದಾರರು ನನ್ನ ಬೆನ್ನು ತಟ್ಟಿ, “ಪಾಟೀಲ್ರ, ನಿಮ್ಮ ಮನಿಯವ್ರಿಗೇ ಪೊಲೀಸ್ ಡ್ರೆಸ್ ಕೊಡಬೇಕು ನೋಡ್ರಿ,” ಎಂದು ನಕ್ಕರು. ಗಾಯ ಒಣಗುತ್ತಿದೆ, ಚಿಂತೆ ಬೇಡ. ಇವಳು ಮಾತ್ರ ಏನೂ ಆಗಿಲ್ಲವೆಂಬಂತೆ ಜೋಳ ಹಸನು ಮಾಡುತ್ತಾಳೆ. ಕಲ್ಲವ್ವನ ಮಗಳೆಂದು ಅತ್ತೆಯ ಮನೆಯಲ್ಲಿ ತಲೆಯೆತ್ತಿ ಹೇಳಿಕೋ. ಅವಳ ಎದೆಗಾರಿಕೆ ನಿನಗೂ ನಿನ್ನ ಕೂಸಿಗೂ ಬರಲಿ.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ.: ಚಾವಡಿಯ ಮುಂದೆ ನಡೆದದ್ದನ್ನು ಬೇರೆಯವರಿಂದ ಕೇಳಿದವನ ಹಾಗೆ ಬರೆದೆ. ಅದು ಸುಳ್ಳು. ಊರ ಹೊರಗೆ ಹೋಗಿದ್ದವನು ಗದ್ದಲ ಕೇಳಿ ತಿರುಗಿ ಬಂದೆ. ಬಣವೆಯ ಮರೆಯಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡೆ. ಕಲ್ಲು ಬಿದ್ದಾಗಲೂ ನನ್ನ ಕಾಲು ಮುಂದೆ ಬರಲಿಲ್ಲ. ಮಂದಿ ಚದುರಿದ ಮೇಲೆಯೇ ರೋಣದ ಹಾದಿ ಹಿಡಿದೆ. ನಿಮ್ಮವ್ವ ನನ್ನನ್ನು ನೋಡಿದ್ದಾಳೆ. ಇಂದಿನವರೆಗೆ ಒಂದು ಮಾತೂ ಕೇಳಿಲ್ಲ.