ಪುಟ್ಟಿಯ ಹಲ್ಲಿ ಸತ್ತದ್ದು ಹೇಗೆ

ಅಕ್ಕಾ,

ಈ ಊರಿನಲ್ಲಿ ಕಾಡಿನ ಹಲ್ಲಿಗಳನ್ನು ಹಿಡಿದು ತಂದು, ಗೂಡಿನಲ್ಲೇ ಹುಟ್ಟಿ ಬೆಳೆದವೆಂದು ಸುಳ್ಳು ಹೇಳಿ, ಮನೆಯಲ್ಲಿ ಸಾಕುವವರಿಗೆ ಮಾರುತ್ತಾರೆ. ಅವುಗಳ ಕಾಲ್ಬೆರಳ ಸಂದಿಯಲ್ಲಿ ಕಚ್ಚಿಕೊಂಡಿರುವ ಕೆಂಪು ನುಸಿಗಳನ್ನು ಎಣ್ಣೆ ಹಚ್ಚಿ ಒರೆಸುವುದು ನನ್ನ ಕೆಲಸ. "ಮದುಮಗಳ ಹಾಗೆ ಹೊಳೀಬೇಕು ಕಣೋ" ಅಂತಾನೆ ಗೋದಾಮಿನ ಮೇಸ್ತ್ರಿ. ಅನ್ಯಾಯದ ವಿರುದ್ಧ ಕರಪತ್ರ ಹಂಚಿದ ಕೈಯಿಂದಲೇ ಒರೆಸಿದೆ. ನಿನ್ನೆ ಸತ್ತದ್ದೊಂದನ್ನು ಕೊಯ್ದು ನೋಡಿದರೆ ಕರುಳಿನ ತುಂಬ ದಾರದೆಳೆಯಂಥ ಹುಳುಗಳು.

ನಿನ್ನ ಮಗಳು ಪುಟ್ಟಿಗೆ ನಾನು ಕಳಿಸಿದ ಹಲ್ಲಿಯೂ ಇಲ್ಲಿಯದೇ. ನೀರಿಡಲು ಮರೆತು ತಾನೇ ಕೊಂದೆನೆಂದು ಅವಳು ಇನ್ನೂ ಅಳುತ್ತಾಳೆಂದು ಬರೆದಿದ್ದೀಯ. ನೀರಿಟ್ಟಿದ್ದರೂ ಅದು ಉಳಿಯುತ್ತಿರಲಿಲ್ಲ. ಇದನ್ನು ಅವಳಿಗೆ ನಾನೇ ಹೇಳಬೇಕು. ಕೈ ತುರಿಕೆ ಬಿಟ್ಟರೆ ಆರೋಗ್ಯವಾಗಿದ್ದೇನೆ. ಶನಿವಾರ ಈ ಕೆಲಸವನ್ನೇ ಬಿಟ್ಟು ಹೊರಡುತ್ತೇನೆ. ಭಾನುವಾರ ಬೆಳಗ್ಗೆ ಹತ್ತೂವರೆಗೆ ಅವಳನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬಾ.

ನಿನ್ನ ತಮ್ಮ